ನಾಲ್ಕನೇ ಜ್ವರದ ನಂತರದ ವಾರ

ಕಳೆದ ಸೋಮವಾರ ಮುಳಬಾಗಿಲಿನ ಬಸ್ ನಿಲ್ದಾಣದ ಬಳಿ ಟೆಂಪೊ ಒಂದು ನನ್ನನ್ನು ಉಜ್ಜಿಕೊಂಡೇ ನಿಂತಿತು. ಚಾಲಕ ತಿರುಗಿಯೂ ನೋಡಲಿಲ್ಲ. ಅದು ಬೇರೆ ಮಾತು. ಒಳಗೆ ಒದ್ದೆ ಗೋಣಿತಾಟು ಹೊದಿಸಿದ ಹಿಪ್ಪುನೇರಳೆ ಸೊಪ್ಪಿತ್ತು. ಆ ಹಸಿ ವಾಸನೆ ಮೂಗಿಗೆ ತಾಕಿದೊಡನೆ, ಬೈರಕೂರಿನಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದಾಕೆ ಸೊಪ್ಪಿನ ಹೊರೆ ಇಳಿಸಿ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಎದುರು ನಿಂತಂತಾಯಿತು...

ನಾನಾಗ ಅಲ್ಲಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಗಂಡ ಬಾಯಿಲ್ಲದವನು, ಯಜಮಾನಿಕೆಯೆಲ್ಲ ಗಂಡನ ಅಣ್ಣನದು. ಆಕೆಯ ಮೈಮೇಲೆ ದೇವಿ ಬರುತ್ತಿದ್ದಳು. ಮೊದಲು, ಯಾರೂ ಹಾಕದ ಸಾಂಬ್ರಾಣಿಯ ಘಮ ಆಕೆಯೊಬ್ಬಳಿಗೇ ಬರುತ್ತಿತ್ತು. ಆಮೇಲೆ ಕಣ್ಣು ಒಂದೇ ಕಡೆ ನೆಟ್ಟು, ಬಾಯಿ ಚಪ್ಪರಿಸಿ, ತೆಲುಗಿನಲ್ಲಿ ಎರಡು ಮಾತು. ದೇವಿ ಬಂದರೆ ಆ ಬೆಳೆ ಗೆದ್ದಂತೆ ಎಂದು ಮನೆಯವರು ಕಾದಿರುತ್ತಿದ್ದರು.

ನಾನು ಒಂದು ವರ್ಷ ಟಿಪ್ಪಣಿ ಪುಸ್ತಕದಲ್ಲಿ ದಿನಾಂಕಗಳನ್ನು ಬರೆದಿಟ್ಟೆ. ದೇವಿ ಬಂದದ್ದೆಲ್ಲ ಹುಳು ನಾಲ್ಕನೇ ಜ್ವರದಿಂದ ಎದ್ದ ನಂತರದ ವಾರದಲ್ಲಿ. ಪೊರೆ ಬಿಡಲೆಂದು ಹುಳು ಮೇವು ತೊರೆದು ಅಲುಗದೆ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಕೊನೆಯ ಜ್ವರ ಎದ್ದ ಹುಳುವಿನ ಹಸಿವಿಗೆ ಮಿತಿಯಿಲ್ಲ. ಸೊಪ್ಪು ಕೊಯ್ಯುವುದು, ಹರಡುವುದು, ಹಿಕ್ಕೆ ತೆಗೆಯುವುದು ಎಲ್ಲವೂ ಆಕೆಯ ಪಾಲು. ಹುಳುಗಳು ನಾಲ್ಕು ಸಲ ಮಲಗಿ ಎದ್ದಿರುತ್ತಿದ್ದವು. ಆ ವಾರ ಆಕೆ ಮಲಗುತ್ತಲೇ ಇರಲಿಲ್ಲ.

ಇದನ್ನು ಆಕೆಯ ಬಾವನಿಗೆ ತಿಳಿಸಿದೆ. ಜಗಲಿಯಲ್ಲಿ ಆರು ಜನರಿದ್ದರು. ಯಾರು ಎಲ್ಲಿ ಕುಳಿತಿದ್ದರೆಂದು ಇಂದಿಗೂ ಹೇಳಬಲ್ಲೆ.

"ಟೀಚರಮ್ಮ, ನಿದ್ದೆಗೆಟ್ಟ ಹೆಂಗಸ್ರಿಗೆಲ್ಲ ದೇವ್ರು ಬರಂಗಿದ್ರೆ ಊರ್ ತುಂಬ ಗುಡಿ ಕಟ್ಬೇಕಾಗ್ತಿತ್ತು," ಎಂದ. ಆರು ಜನರೂ ನಕ್ಕರು.

ಹಲ್ಲುನೋವಿನ ನೆಪ ಹೇಳಿಸಿ ಆಕೆಯನ್ನು ಕೋಲಾರದ ನರರೋಗ ತಜ್ಞರೊಬ್ಬರ ಬಳಿಗೆ ಕರೆದೊಯ್ದೆ. ತಲೆಗೆ ತಂತಿಗಳನ್ನು ಅಂಟಿಸಿ ಕಣ್ಣು ಮುಚ್ಚಲು ಹೇಳಿದ ಗಳಿಗೆಯಲ್ಲೇ ಆಕೆ ನಿದ್ದೆಹೋದಳು. ಪರದೆಯ ಮೇಲಿನ ಗೆರೆಗಳು ಆ ನಿದ್ದೆಯಲ್ಲಿ ಮುಳ್ಳುಗಳಂತೆ ಎದ್ದವು. ಕಿವಿಯ ಪಕ್ಕದ ಮೆದುಳಿನ ಭಾಗದಲ್ಲಿ ಹುಟ್ಟುವ ಮೂರ್ಛೆರೋಗವಿದು ಎಂದರು ವೈದ್ಯರು. ಇಲ್ಲದ ವಾಸನೆ, ಯಾರೋ ಹತ್ತಿರ ನಿಂತಿರುವ ಅನುಭವ, ಮೈ ನವಿರೇಳಿಸುವ ಭಕ್ತಿ ಅಲ್ಲಿಂದಲೇ ಏಳಬಹುದು, ನಿದ್ದೆಗೆಟ್ಟರೆ ಕೆರಳುತ್ತದೆ. ಮಾತ್ರೆ ಬರೆದುಕೊಟ್ಟು, ನಡುವೆ ಬಿಟ್ಟರೆ ಪ್ರಾಣಕ್ಕೇ ಅಪಾಯ ಎಂದರು. ಹಾಗಾದರೆ ದೇವರೆಂದರೆ ಇಷ್ಟೇ ಏನು ಎಂದು ಕೇಳಿದೆ. ಅದು ಈ ಯಂತ್ರಕ್ಕೆ ತಿಳಿಯದು ಎಂದರು.

ಹಿಂದಿರುಗುವ ಬಸ್ಸಿನಲ್ಲಿ ಆಕೆ ಒಂದೇ ಮಾತು ಕೇಳಿದಳು. "ಮಾತ್ರೆ ತಗೊಂಡ್ರೆ ಅಮ್ಮ ಬರಲ್ವಾ?"

ಬರದಿದ್ದರೆ ಒಳ್ಳೆಯದಲ್ಲವೇ ಎಂದೆ. ಆಕೆ ಕಿಟಕಿಯ ಕಡೆ ತಿರುಗಿದಳು...

ದೇವಿ ಬರಲಿಲ್ಲ. ಆ ಬೆಳೆಗೆ ಸುಣ್ಣಕಟ್ಟು ರೋಗ ತಗುಲಿ, ಹುಳುಗಳು ಸೀಮೆಸುಣ್ಣದ ತುಂಡುಗಳಂತೆ ಬೆಳ್ಳಗೆ ಸೆಟೆದುಕೊಂಡವು. ಮಳೆಗಾಲದ ತಂಪಿಗೆ ಬರುವ ಬೂಷ್ಟಿನ ರೋಗವದು. ಅಷ್ಟರಲ್ಲಿ ಮಾತ್ರೆಯ ಗುಟ್ಟು ಹೊರಬಿದ್ದಿತ್ತು. ಊರು ಮಾತ್ರೆಯನ್ನು ದೂರಿತು, ಮಾತ್ರೆ ಕೊಡಿಸಿದವಳನ್ನೂ ದೂರಿತು. ಮಾತ್ರೆ ಬಿಡಿಸಿದವರು ಅವರೇ ಆಗಿದ್ದರೆ ನನ್ನ ಸಿಟ್ಟಿಗೊಂದು ನೆಲೆಯಾದರೂ ಇರುತ್ತಿತ್ತು. ಬಿಟ್ಟವಳು ಆಕೆಯೇ.

"ಮಾತ್ರೆ ತಗೊಂಡ್ರೆ ನಿದ್ದೆ ಚೆನ್ನಾಗ್ ಬರ್ತೈತೆ ಟೀಚರಮ್ಮ," ಎಂದಳು ಗೋಡೆಯಾಚೆಯಿಂದ. "ಆದ್ರೆ ಅಮ್ಮ ಬಂದಾಗ ನಮ್ ಬಾವ ನನ್ ಕಾಲಿಗ್ ಬೀಳ್ತಿದ್ರು. ಈಗ ನೀರ್ ಕೇಳಿದ್ರೂ ಯಾರೂ ತಿರುಗ್ ನೋಡಲ್ಲ."

ವೈದ್ಯರ ಚೀಟಿಯನ್ನು ಮೂರು ಸಲ ಓದಿ ಹೇಳಿದೆ. ಬೇಡಿಕೊಂಡೆ. ಪಾಠ ಬಾಯಿಪಾಠವಾಗಿರುವ ವಿದ್ಯಾರ್ಥಿನಿಯಂತೆ ತಲೆ ತಗ್ಗಿಸಿ ಕೇಳಿದಳು.

ಮುಂದಿನ ಬೆಳೆಯಲ್ಲಿ, ನಾಲ್ಕನೇ ಜ್ವರ ಎದ್ದ ಐದನೆಯ ದಿನ, ಹಿಪ್ಪುನೇರಳೆ ಸಾಲುಗಳ ನಡುವೆ ಬಿದ್ದಳು. ಸೆಳೆತ ನಿಲ್ಲಲೇ ಇಲ್ಲ. ದೇವಿ ಬಂದಿದ್ದಾಳೆಂದು ಕೈಮುಗಿದು ನಿಂತವರು ಗಾಡಿ ಕರೆಸುವಷ್ಟರಲ್ಲಿ...

ಈಗ ಅವರ ಹುಳುಮನೆಯ ಬಾಗಿಲಲ್ಲಿ ಆಕೆಯ ಭಾವಚಿತ್ರವಿದೆ. ಪ್ರತಿ ಬೆಳೆಗೂ ಬಾವ ಸಾಂಬ್ರಾಣಿ ಹಾಕಿ ಅಡ್ಡಬೀಳುತ್ತಾನೆ.

ಸೋಮವಾರ ಮನೆಗೆ ಬಂದವಳೇ ಆ ಟಿಪ್ಪಣಿ ಪುಸ್ತಕವನ್ನು ತೆಗೆದು ನೋಡಿದೆ. ದಿನಾಂಕ, ಗಂಟೆ, ಜ್ವರದ ಲೆಕ್ಕ, ಜಗಲಿಯಲ್ಲಿ ನಕ್ಕ ಆರು ಜನರ ಹೆಸರುಗಳು, ಎಲ್ಲವೂ ಇವೆ. ಆಕೆಯ ಹೆಸರು ಮಾತ್ರ ಒಂದು ಪುಟದಲ್ಲೂ ಇಲ್ಲ. 'ಪಕ್ಕದ ಮನೆಯಾಕೆ' ಎಂದೇ ಬರೆದಿದ್ದೇನೆ.