ಜಗಲಿ ಮೇಲಿನ ಪಾಸ್‌ವರ್ಡ್

ಬನಹಟ್ಟಿಯ ಮಗ್ಗದ ಶೆಡ್ಡೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳಲು ನಾನು ದಿನಾ ಜಮಖಂಡಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಸೀರೆಯ ಚಿತ್ತಾರ ಆ ಕಂಪ್ಯೂಟರಿನಿಂದ ಕೇಬಲ್ ಮೂಲಕ ಮಗ್ಗಗಳಿಗೆ ಹೋಗಬೇಕು. ಮೂರನೇ ಮಗ್ಗಕ್ಕೆ ಮಾತ್ರ ಆಗಾಗ ಹೋಗುತ್ತಿರಲಿಲ್ಲ. ಅದರ ಮೇಲಿದ್ದದ್ದು ಮಾಲಕಿಯ ಮೊಮ್ಮಗಳ ಮದುವೆ ಸೀರೆ. ಮಾಲಕಿಯನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದರು.

“ಕೇಬಲ್ ಸಡಿಲ ಆಗೇತೇನು ನೋಡ್ರಲಾ,” ಎಂದ ಆ ಮಗ್ಗದ ನೇಕಾರ.

ನನ್ನಂಥ ಡಿಪ್ಲೊಮಾ ಪಂಡಿತ ಬಗ್ಗಿ ಕೇಬಲ್ ಮುಟ್ಟುವುದೇ? ಮಗ್ಗಗಳಿಗೆ ಸಂದೇಶ ಕಳಿಸಿ ಉತ್ತರ ತರಿಸುವ ಪ್ರೋಗ್ರಾಂ ಬರೆಯಲು ಕೂತೆ. ಅದೇ ಕೆಲಸ ಮಾಡುವ ‘ಪಿಂಗ್’ ಕಂಪ್ಯೂಟರಿನಲ್ಲಿ ಮೊದಲೇ ಇತ್ತು. ಆದರೆ ಅದನ್ನು ಬರೆದವರು ಬೇರೆಯವರು. ನನ್ನದರಲ್ಲಿ ಸಂದೇಶದ ಲಕೋಟೆಯನ್ನೂ ನಾನೇ ಅಂಟಿಸಿ, ಕಳಿಸಿದವರ ವಿಳಾಸವನ್ನೂ ನಾನೇ ಬರೆಯುವ ವೈಭವವಿತ್ತು.

ಓಡಿಸಿದರೆ ಅನುಮತಿ ಇಲ್ಲ ಎಂದಿತು. ಅಂಥ ಸಂದೇಶ ಕಳಿಸಲು ಅಡ್ಮಿನ್ ಪಾಸ್‌ವರ್ಡ್ ಬೇಕಂತೆ. ಪಿಂಗಿಗೆ ಬಾಗಿಲು ತೆರೆದಿತ್ತು, ನನ್ನನ್ನು ಹೊಸ್ತಿಲಲ್ಲೇ ತಡೆದಿತ್ತು. ಮೈ ಉರಿಯಿತು.

ಪಾಸ್‌ವರ್ಡಿನ ಚೀಟಿ ಅಕ್ಕಾರ ಮನೆಯ ದೇವರ ಜಗಲಿಯ ಮೇಲೆ, ಕುಂಕುಮದ ಭರಣಿಯ ಕೆಳಗಿತ್ತು. ಯಾರಿಗೂ ಕೊಡಬೇಡಿ ಎಂದು ಕಂಪ್ಯೂಟರ್ ಕೂಡಿಸಿದವರು ಹೇಳಿ ಹೋಗಿದ್ದರು. ಎರಡು ದಿನ ಅಕ್ಕಾರ ಬೆನ್ನು ಬಿದ್ದೆ.

“ಅಕ್ಕಾರ, ಈ ಮಷಿನ್‌ಗೆ ಎಲ್ಲಾರ ಮ್ಯಾಲೂ ಸಂಶೆ ಐತ್ರಿ. ನಾ ಏನ್ ಕಳ್ಳ ಏನ್ರಿ?”

“ಸೀರಿ ಏನೂ ಕೆಡೂದಿಲ್ಲಲಾ, ತಮ್ಮಾ?”

“ನನ್ನ ಮ್ಯಾಲ ಬಿಡ್ರಿ.”

ಬಿಟ್ಟರು, ಚೀಟಿ ಕೊಟ್ಟರು. ಮಂಗನ ಕೈಗೆ ಮಾಣಿಕ್ಯ ಬಂತು. ಗಡಿಬಿಡಿಯಲ್ಲಿ ಕಳಿಸಿದವರ ಜಾಗದಲ್ಲಿ ಕಂಪ್ಯೂಟರಿನ ಬದಲು ಮೂರನೇ ಮಗ್ಗದ ವಿಳಾಸ ಬರೆದಿದ್ದೆ. ಕಳಿಸುವುದನ್ನು ಎಲ್ಲಿ ನಿಲ್ಲಿಸಬೇಕೆಂದು ಬರೆದೇ ಇರಲಿಲ್ಲ. ಪಾಸ್‌ವರ್ಡ್ ಕಂಡ ಕಂಪ್ಯೂಟರ್ ತುಟಿ ಪಿಟಕ್ಕೆನ್ನದೆ ಎಲ್ಲವನ್ನೂ ಕಳಿಸಿತು. ಉಳಿದ ಮಗ್ಗಗಳ ಉತ್ತರಗಳೆಲ್ಲ ಮೂರನೆಯದರ ಮೇಲೆ ಮುಗಿಬಿದ್ದವು. ಅದು ದಿಕ್ಕು ತಪ್ಪಿ, ಸೆರಗಿನ ಉಳಿದ ಭಾಗದ ತುಂಬ ಬರೀ ಗೆರೆ ನೇಯ್ದು ನಿಂತಿತು. ಚಿತ್ತಾರದ ನವಿಲುಗಳಿಗೆ ಕಾಲಿದ್ದವು, ತಲೆ ಇರಲಿಲ್ಲ.

ನೇಕಾರ ಬಗ್ಗಿ ಕೇಬಲ್ ಒತ್ತಿದ. ಟಕ್ಕೆಂದು ಕೂತಿತು. ಇದ್ದ ರೋಗ ಅಷ್ಟೇ.

ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ಅಕ್ಕಾರು ಸೆರಗನ್ನು ಕೈಯಲ್ಲಿ ಹಿಡಿದು ತಲೆಯಿಲ್ಲದ ನವಿಲುಗಳನ್ನು ಒಂದೊಂದಾಗಿ ನೋಡಿದರು.  

“ಮಷಿನ್ ನಿನ್ನ ಮೊದಲನೇ ದಿನಾನ ಗುರ್ತ ಹಿಡದಿತ್ತು, ತಮ್ಮಾ,” ಎಂದರು. “ನನಗ ತಡಾ ಆತು.”