ಡ್ರಿಲ್ ಮೇಲಿನ ಕುಂಕುಮ

ಸ್ಯಾನ್ ಡಿಯಾಗೋದಲ್ಲಿ ಪಕ್ಕದ ಮನೆಯ ಅಮೆರಿಕನ್ ಅಂಕಲ್, ಆಯುಧಪೂಜೆ ಮಾಡಿಟ್ಟಿದ್ದ ನನ್ನ ಡ್ರಿಲ್ ಒಯ್ದಿದ್ದರು. ವಾಪಸ್ ತರಲು ಹೋದರೆ, ಅವರು ಗ್ಯಾರೇಜಿನಲ್ಲಿ ಕೂತು, ಹಾರಿಸಿದ ಗುಂಡುಗಳ ಖಾಲಿ ಹಿತ್ತಾಳೆ ಕೊಳವೆಗಳನ್ನು ಅದಕ್ಕೆ ಸಿಕ್ಕಿಸಿ ಅಂಚು ಸವರುತ್ತಿದ್ದರು.

“ಟ್ರಿಮ್ ಮಾಡಿ ಮದ್ದು ತುಂಬಿದರೆ ಮತ್ತೆ ಹಾರಿಸಬಹುದು,” ಎಂದರು.

“ಎಷ್ಟು ಸಲ?”

“ಸೀಳಿಹೋಗೋವರೆಗೂ.” ಇನ್ನೊಂದು ಕೊಳವೆ ಸಿಕ್ಕಿಸುತ್ತಾ, “ನನ್ನ ಮಗನನ್ನ ಮೂರನೇ ಸಲ ಇರಾಕಿಗೆ ಕಳಿಸಿದ್ದಾರೆ,” ಎಂದರು.

ಆಮೇಲೆ ಡ್ರಿಲ್ ಮೇಲಿನ ಕೆಂಪು ಏನೆಂದು ಕೇಳಿದರು.

“ಕುಂಕುಮ. ಕೆಟ್ಟದ್ದಾಗದಿರಲಿ ಅಂತ ಇಡ್ತೀವಿ.”

ತಕ್ಷಣ ಅದನ್ನು ಹೆಬ್ಬೆರಳಿಗೆ ಒರೆಸಿಕೊಂಡು, ಗೋಡೆಯ ಮೇಲಿದ್ದ ಮಗನ ಫೋಟೋದ ಹಣೆಗೆ ಹಚ್ಚಿದರು. “ಹೀಗೇನಾ?”

ನಮ್ಮಲ್ಲಿ ಫೋಟೋಗೆ ಕುಂಕುಮ ಇಡೋದು ದೇವರಿಗೆ, ಇಲ್ಲವೇ ಸತ್ತವರಿಗೆ. “ಹೌದು, ದೇವರ ಫೋಟೋಗೆ ಹೀಗೇ ಇಡ್ತೀವಿ,” ಅಂತಷ್ಟೇ ಹೇಳಿ, ಡ್ರಿಲ್ ಅಲ್ಲೇ ಬಿಟ್ಟು ಬಂದೆ.