ರಾಜಬಿಯ ಕಿವಿಯಲ್ಲಿ ಬೋಣಿಗೆ

ತಾಳಿಕೋಟೆಯಲ್ಲಿ ಮುದ್ದೇಬಿಹಾಳದ ಮೊದಲ ಬಸ್ಸು ಇನ್ನೂ ಕೆಮ್ಮುತ್ತ ನಿಂತಿದೆ. ಬಜಾರದ ಹಿಂದಿನ ಓಣಿಯಲ್ಲಿ, ರೇಡಿಯೊ ರಿಪೇರಿಯ ಮೋದಿನಸಾಬರು ಹೆಂಡತಿ ರಾಜಬಿಯ ಕಿವಿಗೆ ಬಿಲ್ಲೆಯಂಥದೊಂದನ್ನು ಸಿಕ್ಕಿಸುತ್ತಾರೆ. ಅದರ ವಾಯರು ಸೇರಿದ ತಗಡಿನ ಡಬ್ಬಿಯನ್ನು ಬಾಯಿಯ ಹತ್ತಿರ ಹಿಡಿದು "ರಾಜಬೀ" ಎನ್ನುತ್ತಾರೆ. ಆಕೆ ಇಲ್ಲವೆಂದು ತಲೆಯಾಡಿಸಿ ಹಂಚಿನ ಮೇಲಿನ ರೊಟ್ಟಿ ತಿರುವಿಹಾಕುತ್ತಾರೆ. ಸಾಬರು ಡಬ್ಬಿಯನ್ನು ಒರೆಸಿ, ಅರಿವೆಯಲ್ಲಿ ಸುತ್ತಿಕೊಂಡು ಎದ್ದು, ಅವರನ್ನು ಕಾಣಲು ಬಂದ ನನಗೆ ಹೇಳುತ್ತಾರೆ:

"ಬೋಣಿಗಿ ಆತು, ನಡೀರಿ ಅಂಗಡಿಗೆ."

ದಿನದ ಮೊದಲ ವ್ಯಾಪಾರವನ್ನು ಇಲ್ಲಿ ಎಲ್ಲರೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಏನೂ ಕೇಳಿಸದ ಕಿವಿಯಲ್ಲಿ ಬೋಣಿಗೆ ಮಾಡುವವರು ಮಾತ್ರ ಇವರೊಬ್ಬರೇ.

ಎಂಟು ವರ್ಷದ ಹಿಂದೆ ರಾಜಬಿಗೆ ಕ್ಷಯವಾಗಿತ್ತು. ಆಗ ಕೊಟ್ಟ ಸೂಜಿಮದ್ದು ಜೀವ ಉಳಿಸಿತು, ಬದಲಿಗೆ ಕಿವಿಗಳನ್ನು ತಾನಿಟ್ಟುಕೊಂಡಿತು. ಸಾಬರು ಪಟ್ಟಣದ ಗುಜರಿ ಅಂಗಡಿಯಿಂದ ಹಳೆಯ ಮೈಕು, ಕಿವಿಗೆ ಇಡುವ ಬಿಲ್ಲೆ ತಂದು ಒಂದು ಡಬ್ಬಿ ಕಟ್ಟಿದರು. ಕಿವಿಗಿಟ್ಟು ಕೂಗಿದರು. ರಾಜಬಿ ಕಣ್ಣರಳಿಸಿ "ಕೇಳಾಕತ್ತೈತ್ರಿ!" ಅಂದರು.

ಸುದ್ದಿ ಸಿಂದಗಿ, ಇಂಡಿ, ಬಾಗೇವಾಡಿಗೂ ಹೋಯಿತು. ಅರೆಗಿವುಡರು ಅಂಗಡಿಗೆ ಬರತೊಡಗಿದರು. ಅವರಿಗೆ ನಿಜವಾಗಿಯೂ ಕೇಳಿಸಿತು, ಕೆಲವರಿಗೆ ಬೇಕಾದದ್ದಕ್ಕಿಂತ ಹೆಚ್ಚು. ನಾಲತವಾಡದ ಅರಿವೆ ವ್ಯಾಪಾರಿ ಬಸಂತರಾಯರು ವಾರದೊಳಗೇ ಡಬ್ಬಿ ಹಿಡಿದು ವಾಪಸು ಬಂದಿದ್ದರಂತೆ.

"ಏನ್ ರಾಯರ, ಕೆಟ್ಟೈತೇನ್ರಿ?"

"ಕೆಟ್ಟಿಲ್ಲೋ ಮಾರಾಯಾ, ಭಾಳ ಛಲೋ ಐತಿ. ಸೊಸಿ ಒಲೀ ಮುಂದ ಕುಂತು ನನಗ ಏನೇನ್ ಅಂತಾಳ, ಎಲ್ಲಾ ಕೇಳತೈತಿ. ಒಂದೀಟು ಕಡಿಮಿ ಮಾಡು."

ಮನೆಯಲ್ಲಿ ಮಾತ್ರ ಒಂದು ಬೆಳಗು ಬೇರೆಯೇ ಆಯಿತು. ಸಾಬರು ಹೊಸ ಡಬ್ಬಿಯಲ್ಲಿ ಮಾತಾಡಿದರು, ರಾಜಬಿ ನಕ್ಕು ತಲೆದೂಗಿದರು. ಆಮೇಲೆ ಸಾಬರು ಬೀಡಿಗೆಂದು ಜೇಬಿಗೆ ಕೈಹಾಕಿದರು. "ಬ್ಯಾಟರಿ ನನ್ನ ಕಿಸೇದಾಗೇ ಐತಿ! ಡಬ್ಬ್ಯಾಗ ಹಾಕೇ ಇಲ್ಲ." ಬೀಡಿ ಹಚ್ಚದೆ ಅವರು ಅಲ್ಲೇ ಕೂತುಬಿಟ್ಟರು. ರಾಜಬಿ ತಮ್ಮ ಕೈಯಾರೆ ಬಿಲ್ಲೆ ಬಿಚ್ಚಿಕೊಟ್ಟರು. ಅಂದಿನಿಂದ ಅವರು ಸುಳ್ಳು ತಲೆದೂಗಿಲ್ಲ.

ಮಿರಜದ ಡಾಕ್ಟರೊಬ್ಬರು ಪರೀಕ್ಷಿಸಿ, ಇದು ಜೋರು ಮಾಡಿದರೆ ಸರಿಹೋಗುವ ಕಿವುಡಲ್ಲ ಎಂದರು. ಸದ್ದನ್ನು ನರಕ್ಕೆ ದಾಟಿಸುವ ಒಳಗಿವಿಯೇ ಸತ್ತಿದೆ. ಆದರೆ ಪ್ಯಾರಿಸ್ಸಿನಲ್ಲಿ ಆರು ವರ್ಷದ ಹಿಂದೆ, ೧೯೫೭ರಲ್ಲಿ, ಪೂರ್ತಿ ಕಿವುಡನೊಬ್ಬನ ನರಕ್ಕೇ ತಂತಿ ತಾಗಿಸಿ ವಿದ್ಯುತ್ ಹರಿಸಿದ್ದಾರೆ, ಅವನಿಗೆ ಏನೋ ಕೇಳಿಸಿದೆ ಎಂದೂ ಹೇಳಿದರು.

ಸಾಬರು ಮಿರಜದಿಂದ ಒಂದೇ ಉಸುರಿಗೆ ಮನೆಗೆ ಬಂದು, ಬಾಗಿಲಲ್ಲೇ ನಿಂತು "ತಂತಿ! ತಂತಿ!" ಎಂದರು. ತುಟಿ ನೋಡಿ ಮಾತು ತಿಳಿಯುವ ರಾಜಬಿಗೆ ತಂತಿಯೆಂದರೆ ಅಂಚೆಯವನು ತರುವ ಟೆಲಿಗ್ರಾಮ್ ಒಂದೇ. ಸೊಲ್ಲಾಪುರದ ಅಣ್ಣ ಹೋದನೆಂದು ಎದೆ ಬಡಿದುಕೊಂಡು ಅತ್ತರು. ನೆರೆಮನೆಯ ರೇವವ್ವ ಬಂದು, ಸತ್ತವರು ಯಾರೆಂದು ಕೇಳದೆಯೇ ತಾವೂ ಅತ್ತು ಕೊಟ್ಟರು. ಅಣ್ಣ ಸೊಲ್ಲಾಪುರದಲ್ಲಿ ಗಟ್ಟಿಮುಟ್ಟಾಗಿದ್ದ. ನಿಜವಾದ ತಂತಿ ಯಾವುದೆಂದು ತಿಳಿದಾಗ ರಾಜಬಿ ನಕ್ಕರಂತೆ, ಆಮೇಲೆ ಮತ್ತೆ ಅತ್ತರಂತೆ.

ಆ ತಂತಿ ಇನ್ನೂ ಇತ್ತ ಹೊರಟಿಲ್ಲ. ಪ್ಯಾರಿಸ್ಸಿನವನಿಗೆ ಕೇಳಿಸಿದ್ದು ಮಾತಲ್ಲ, ಜೀರುಂಡೆಯಂಥ ಚಿರ್ರೆನ್ನುವ ಸದ್ದು. ಒಳಗೆ ಕೂಡಿಸಿದ ತಂತಿಯೂ ಬಹಳ ದಿನ ಬಾಳಲಿಲ್ಲ. ಮೊನ್ನೆ ಮೊನ್ನೆ ಅಮೆರಿಕೆಯಲ್ಲಿ ಹಾಕಿದ್ದನ್ನು ಮೈ ತಾಳಿಕೊಳ್ಳಲಿಲ್ಲವೆಂದು ಮತ್ತೆ ತೆಗೆದರಂತೆ. ನಮ್ಮ ಕಡೆ ಅದು ಬರುವ ಹೊತ್ತಿಗೆ ಯಾರ ಕಿವಿ ಇರುತ್ತದೋ, ಯಾರ ದನಿ ಇರುತ್ತದೋ.

"ನನ್ನ ಮಾತು ತಿಳೀದಿದ್ರೂ ನಡೀತೈತ್ರಿ," ಎನ್ನುತ್ತಾರೆ ಸಾಬರು, ಕಾವಿನ ಕಡ್ಡಿಯಿಂದ ಬೆಸುಗೆ ಹಾಕುತ್ತ. "ಆ ಹುಳದ ಸಪ್ಪಳ ಆದ್ರೂ ಸಾಕು. ಕರದ್ರ ಯಾರೋ ಕರದ್ರು ಅಂತ ತಿಳದು ಹೊಳ್ಳಿ ನೋಡಿದ್ರ ಮುಗೀತು."

ಅಲ್ಲಿಯವರೆಗೆ, ಅಂಗಡಿಯಲ್ಲಿ ತಯಾರಾದ ಪ್ರತಿ ಡಬ್ಬಿಯೂ ಮೊದಲು ಮನೆಗೆ ಹೋಗುತ್ತದೆ. ಪ್ರತಿ ಸಲವೂ ಬಿಲ್ಲೆಯ ಅಳತೆಯಲ್ಲೋ ವಾಯರಿನ ಕಟ್ಟಿನಲ್ಲೋ ಏನಾದರೊಂದು ತಿದ್ದುಪಡಿ ಇರುತ್ತದೆ. ಮಧ್ಯಾಹ್ನ ಬುತ್ತಿ ತಂದ ರಾಜಬಿಯನ್ನು, ಇಷ್ಟು ಬೇಸರದ ಬೋಣಿಗೆ ಏಕೆ, ಹಿಂದಿನಂತೆ ಒಮ್ಮೆ ಹೂಂ ಅಂದುಬಿಡಬಾರದೆ ಎಂದು ಕೇಳಿದೆ. ಸಾಬರು ಆ ಪ್ರಶ್ನೆಯನ್ನು ತುಟಿಯಲ್ಲಿ ನಿಧಾನ ಬಿಡಿಸಿ ಹೇಳಿದರು, ಕಣ್ಣು ಮಾತ್ರ ಬೇರೆ ಕಡೆ ಇತ್ತು.

ತಮ್ಮ ದನಿ ತಮಗೇ ಕೇಳಿಸದವರ ಗಟ್ಟಿ ದನಿಯಲ್ಲಿ, ಅರ್ಧ ಬಜಾರಕ್ಕೆ ಮುಟ್ಟುವಂತೆ, ರಾಜಬಿ ಉತ್ತರಿಸಿದರು:

"ಹೂಂ ಅಂದ್ರ ಇವ್ರು ಖುಷಿ ಆಗಿ ಸುಮ್ಮ ಕುಂದರ್ತಾರ್ರಿ. ಇಲ್ಲ ಅಂದ್ರ ಇದರಕಿಂತ ಛಲೋ ಇನ್ನೊಂದು ಮಾಡತಾರ. ಆ ಇನ್ನೊಂದು ಮಂದಿಗೆ ಕೇಳತೈತಲ್ರಿ!"